ನೋಡಬನ್ನಿ ನಮ್ಮ ನಾಡು: ಮಗ್ಗದ ಸದ್ದಿನ ಊರುಗಳಲ್ಲಿ ಮೂರು ದಿನ



ಈ ಬಾರಿಯ ಪ್ರವಾಸವು ಒಂದು ಟ್ರಂಕಿನಿಂದ ಆರಂಭವಾಯಿತೆಂದರೆ ತಾವು ನಗಬಹುದು. ಕಳೆದ ವರ್ಷ ನಮ್ಮ ಮನೆಯಲ್ಲಿ ಜರುಗಿದ ಮದುವೆಯಲ್ಲಿ ಬೀಗರು, ನೆಂಟರು, ಇಷ್ಟರು ‘ಆಯಾರ’ವೆಂದು ತಂದ ಸೀರೆ ಹಾಗೂ ಕುಪ್ಪಸದ ಕಣಗಳು ದೊಡ್ಡದೊಂದು ಟ್ರಂಕನ್ನು ತುಂಬಿದ್ದವು. ಸಂಕ್ರಾಂತಿಯ ಸ್ವಚ್ಛತೆಯ ಹೊತ್ತಿಗೆ ಅದನ್ನು ತೆರೆದಾಗ ನಮ್ಮ ಮೊಮ್ಮಗಳು, “ಅಜ್ಜಾ, ಇವನ್ನು ಯಾರು ಉಡುತ್ತಾರೆ?” ಎಂದು ಕೇಳಿದಳು. ಉತ್ತರ ನಮಗೆ ಗೊತ್ತಿತ್ತು. ಯಾರೂ ಉಡುವುದಿಲ್ಲ. ನಮಗೆ ಬಂದದ್ದನ್ನು ನಾವು ಮತ್ತೊಬ್ಬರ ಮದುವೆಗೆ ಒಯ್ಯುತ್ತೇವೆ, ಅವರು ಮುಂದಿನವರಿಗೆ ದಾಟಿಸುತ್ತಾರೆ. “ಹಾಗಾದರೆ ನೇಯುವವರು ಇದನ್ನು ಯಾತಕ್ಕಾಗಿ ನೇಯುತ್ತಾರೆ?” ಎಂಬುದು ಆಕೆಯ ಎರಡನೆಯ ಪ್ರಶ್ನೆ. ಅದಕ್ಕೆ ಉತ್ತರ ನಮ್ಮಲ್ಲಿರಲಿಲ್ಲ. ನೇಕಾರರನ್ನೇ ಕೇಳೋಣವೆಂದು ಮರುವಾರವೇ ಹೊರಟೆವು.

ಬಾಗಲಕೋಟೆ ಜಿಲ್ಲೆಗೆ ಬರುವ ಭಕ್ತರು ಕೂಡಲಸಂಗಮದ ದರ್ಶನ ಪಡೆದು, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಿ ಹಿಂದಿರುಗುವುದು ರೂಢಿ. ಅವೆಲ್ಲ ನೋಡಲೇಬೇಕಾದ ಸ್ಥಳಗಳೇ ಸರಿ. ಆದರೆ 1997ರಲ್ಲಿ ಬಿಜಾಪುರದಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ, ಬೀಳಗಿ, ಜಮಖಂಡಿ, ರಬಕವಿ-ಬನಹಟ್ಟಿ ಹಾಗೂ ಮುಧೋಳಗಳೆಂಬ ದುಡಿಯುವ ಊರುಗಳಿವೆ. ಇವುಗಳಲ್ಲಿ ನೋಡುವುದೇನಿದೆ ಎಂದು ಕೇಳುವವರು ಬಹಳ. ದುಡಿಮೆಯನ್ನೇ ನೋಡಬಹುದು ಎಂಬುದು ನಮ್ಮ ಉತ್ತರ. ಕಾಯಕವನ್ನು ಪೂಜೆಗೆ ಸಮವೆಂದು ಬಗೆದ ಪರಂಪರೆಯವರಾದ ನಮಗೆ ಇದಕ್ಕಿಂತ ಉಚಿತವಾದ ಯಾತ್ರೆ ಬೇರೊಂದಿರಲಾರದು.

ಮೊದಲ ದಿನ ನಾವು ಬಾಗಲಕೋಟೆಯಿಂದ ಬೀಳಗಿಗೆ ಬಂದೆವು. ಸಿದ್ಧೇಶ್ವರ ದೇವಾಲಯದ ದರ್ಶನವಾದ ಬಳಿಕ ‘ಅರೆತ್ತಿನ ಬಾವಿ’ಯೆಂದು ಹೆಸರಾದ ಹಳೆಯ ಕಲ್ಲಿನ ಬಾವಿಯನ್ನು ನೋಡಿದೆವು. ನಲ್ಲಿಯ ನೀರಿಗೆ ಒಗ್ಗಿಹೋದ ಮಕ್ಕಳಿಗೆ, ಒಂದು ಊರು ನೀರಿಗಾಗಿ ಎಷ್ಟು ಕಲ್ಲು ಕಡಿದಿತ್ತು, ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ಇಲ್ಲಿ ನಿಲ್ಲಿಸಿ ತೋರಿಸಬೇಕು. ಬೀಳಗಿಯ ಕಲ್ಮಠಕ್ಕೂ ಹೋಗಿ ಬರಬಹುದು.

ಅಲ್ಲಿಂದ ಉತ್ತರಕ್ಕೆ ಸಾಗಿದರೆ ಆಲಮಟ್ಟಿ ಜಲಾಶಯದ ಹಿನ್ನೀರು ಕಣ್ಣಿಗೆ ಬೀಳುತ್ತದೆ. ಚಳಿಗಾಲದಲ್ಲಿ ಇಲ್ಲಿಗೆ ರಾಜಹಂಸ ಮೊದಲಾದ ವಲಸೆ ಹಕ್ಕಿಗಳು ಬರುತ್ತವೆ. ಮೊಮ್ಮಗಳು ಹಕ್ಕಿಗಳನ್ನು ಎಣಿಸುತ್ತಿದ್ದಾಗ, ಆ ನೀರಿನ ಕೆಳಗೆ ಹೊಲಗಳಿವೆ, ಮನೆಗಳಿವೆ ಎಂಬುದನ್ನು ನಾವು ಹೇಳಬೇಕಾಯಿತು. ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ ಈ ತಾಲೂಕಿನ ಅನೇಕ ಗ್ರಾಮಗಳು ಮುಳುಗಡೆಯಾದವು. ಬೇರೆಯವರ ಹೊಲಕ್ಕೆ ನೀರು ಹೋಗಲೆಂದು ತಮ್ಮ ಹೊಲವನ್ನು ನೀರಿಗೆ ಬಿಟ್ಟುಕೊಟ್ಟವರ ನಾಡಿದು. ನದಿಯ ಆಚೆ ದಡದಲ್ಲಿ ವಿಜಯಪುರ ಜಿಲ್ಲೆಯ ಕೊಲ್ಹಾರವಿದೆ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಕೊಲ್ಹಾರದ ಗಟ್ಟಿ ಮೊಸರು ಸುತ್ತಲಿನ ಸೀಮೆಗೆಲ್ಲ ಪ್ರಸಿದ್ಧ. ಕಟ್ಟಿಕೊಂಡು ಹೋದ ಜೋಳದ ರೊಟ್ಟಿ, ಶೇಂಗಾದ ಹಿಂಡಿಗಳೊಡನೆ ಆ ಮೊಸರನ್ನುಂಡು ಮೊದಲ ದಿನದ ಬುತ್ತಿಯನ್ನು ಮುಗಿಸಿದೆವು.

ಸಂಜೆಯ ವೇಳೆಗೆ ಜಮಖಂಡಿಯನ್ನು ಸೇರಿದೆವು. ಜಂಬುಕೇಶ್ವರನಿಂದ ಹೆಸರು ಪಡೆದ ಈ ಊರು ಪಟವರ್ಧನ ಮನೆತನದ ಸಂಸ್ಥಾನದ ರಾಜಧಾನಿಯಾಗಿತ್ತು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರಲ್ಲಿ ಈ ಭಾಗವು ಕನ್ನಡ ನಾಡನ್ನು ಕೂಡಿಕೊಂಡಿತು. ಗುಡ್ಡದ ಮೇಲಿನ ರಾಮತೀರ್ಥದ ಅರಮನೆಯ ಬಳಿ ನಿಂತರೆ ಊರು ಪೂರ್ತಿ ಕಾಣುತ್ತದೆ. ಸೂರ್ಯಾಸ್ತಕ್ಕೆ ಮೊದಲೇ ಅಲ್ಲಿಗೆ ತಲುಪುವುದು ಲೇಸು. ಕೆಳಗಿಳಿದು ಬಂದು ಓಲೇಮಠದ ದರ್ಶನವನ್ನು ಪಡೆಯಬಹುದು.

ಜಮಖಂಡಿಯ ಮಣ್ಣಿನಲ್ಲಿ ಹುಟ್ಟಿದ ಇಬ್ಬರನ್ನು ಇಲ್ಲಿ ಸ್ಮರಿಸುವುದು ಅಗತ್ಯ. ಒಬ್ಬರು ಗುರುದೇವ ರಾನಡೆಯವರು. 1886ರಲ್ಲಿ ಈ ಊರಿನಲ್ಲಿ ಜನಿಸಿ, ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಅನುಭಾವಿಗಳಾಗಿ ಬಾಳಿದವರು. ಇನ್ನೊಬ್ಬರು ಬಸಪ್ಪ ದಾನಪ್ಪ ಜತ್ತಿಯವರು. ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಜಮಖಂಡಿ ಪುರಸಭೆಯಿಂದ ಸಾರ್ವಜನಿಕ ಜೀವನವನ್ನು ಆರಂಭಿಸಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ, 1974ರಲ್ಲಿ ಭಾರತದ ಉಪರಾಷ್ಟ್ರಪತಿಗಳಾಗಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಗಳೂ ಆದವರು. 1964ರಲ್ಲಿ ಅವರು ಸ್ಥಾಪಿಸಿದ ಬಸವ ಸಮಿತಿಯು ನಮ್ಮ ಓದುಗರಿಗೆ ಹೊಸದೇನಲ್ಲ. ಪುರಸಭೆಯ ಬಾಗಿಲಿನಿಂದ ರಾಷ್ಟ್ರಪತಿ ಭವನದವರೆಗಿನ ದಾರಿ ಈ ಧೂಳಿನ ಬೀದಿಯಿಂದಲೇ ಹೊರಟಿತ್ತೆಂಬುದು ಮಕ್ಕಳಿಗೆ ತಿಳಿಯಲಿ.

ಎರಡನೆಯ ದಿನ ಮುಂಜಾನೆ ವಿಜಯಪುರದ ರಸ್ತೆಯಲ್ಲಿರುವ ಚಿಕ್ಕಪಡಸಲಗಿಗೆ ಹೋದೆವು. ಇಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಒಂದು ಬ್ಯಾರೇಜ್ ಇದೆ. ನೋಟಕ್ಕೆ ಸಾಮಾನ್ಯವಾದದ್ದು. ಆದರೆ ಇದನ್ನು 1989ರಲ್ಲಿ ರೈತರೇ ಹಣ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು ಕಟ್ಟಿದರು. ಅದರ ಮುಂದಾಳತ್ವ ವಹಿಸಿದ ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. ಮುಂದೆ 1991ರಲ್ಲಿ ಅವರು ಲೋಕಸಭೆಗೆ ಆಯ್ಕೆಯಾಗಿ ಕೇಂದ್ರದಲ್ಲಿ ಮಂತ್ರಿಗಳೂ ಆದರು, 2018ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಬ್ಯಾರೇಜಿಗೆ ಇಟ್ಟಿರುವ ಹೆಸರು ‘ಶ್ರಮಬಿಂದು ಸಾಗರ’. ಬೆವರಿನ ಹನಿಗಳಿಂದ ತುಂಬಿದ ಸಾಗರವೆಂಬ ಹೆಸರಿಗಿಂತ ಸೊಗಸಾದ ಹೆಸರನ್ನು ನಾವು ಬೇರಾವ ಅಣೆಕಟ್ಟಿಗೂ ಕೇಳಿಲ್ಲ.

ಅಲ್ಲಿಂದ ಹಿಂದಿರುಗಿ ರಬಕವಿ-ಬನಹಟ್ಟಿಯ ದಾರಿ ಹಿಡಿದೆವು. ಬಹುಕಾಲ ಜಮಖಂಡಿ ತಾಲೂಕಿಗೆ ಸೇರಿದ್ದ ಈ ಜೋಡಿ ನಗರ ಈಗ ತಾನೇ ಒಂದು ತಾಲೂಕಾಗಿದೆ. ಬನಹಟ್ಟಿಯ ಕಾಡಸಿದ್ಧೇಶ್ವರನಿಗೆ ಕೈಮುಗಿದು ಓಣಿಯೊಳಕ್ಕೆ ಕಾಲಿಟ್ಟರೆ ಸಾಕು, ಊರು ತನ್ನನ್ನು ತಾನೇ ಪರಿಚಯಿಸಿಕೊಳ್ಳುತ್ತದೆ. ಮನೆಮನೆಯಿಂದ ಒಂದೇ ಸಮನೆ ಖಟಖಟ ಸದ್ದು. ಹೊಸಬರಿಗೆ ಕಿವಿಗಡಚಿಕ್ಕುವ ಆ ಸದ್ದು ನಿಂತ ದಿನ ಊರಿನವರಿಗೆ ನಿದ್ರೆ ಬಾರದು. ಏಕೆಂದರೆ ಸದ್ದು ನಿಂತಿತೆಂದರೆ ಕೂಲಿ ನಿಂತಿತೆಂದೇ ಅರ್ಥ.

ನಾವು ಹೋದದ್ದು ನಮ್ಮ ಮನೆಯವರ ಸೋದರಮಾವನ ಮನೆಗೆ. ಎಂಬತ್ತರ ಸಮೀಪದ ಹಿರಿಯರು. “ಬರ್ರಿ ಅಳಿಯಾರ, ಮರಮ್ಮಗಳನ್ನ ಕರ್ಕೊಂಡು ಬಂದದ್ದು ಭಾಳ ಛಲೋ ಆತು” ಎಂದು ಕಾಲಿಗೆ ನೀರು ಕೊಡಿಸಿದರು. ಪಡಸಾಲೆಯ ಆಚೆಗಿನ ಅಂಕಣದಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು ಓಡುತ್ತಿದ್ದವು. ಮೂಲೆಯಲ್ಲಿ ಒಂದು ಕುಣಿಮಗ್ಗ ಧೂಳು ಹೊದ್ದು ನಿಂತಿತ್ತು.

ಮೊಮ್ಮಗಳಿಗೆ ಹಿರಿಯರೇ ಪಾಠ ಹೇಳಿದರು. ಉದ್ದಕ್ಕೆ ಹಾಯುವ ಎಳೆ ಹಾಸು, ಅಡ್ಡಕ್ಕೆ ಹಾಯುವ ಎಳೆ ಹೊಕ್ಕು. ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿ ಲಾಳಿಯೊಳಗೆ ಇಡುತ್ತಾರೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ನೇಕಾರ ಕಾಲಿನಿಂದ ತುಳಿದಾಗ ಹಾಸಿನ ಎಳೆಗಳು ಮೇಲೆ ಕೆಳಗೆ ಎರಡಾಗುತ್ತವೆ. ಆ ಸಂದಿನಲ್ಲಿ ಲಾಳಿ ಹಾಯುತ್ತದೆ. ಹಣಿಗೆಯು ಹೊಕ್ಕನ್ನು ಒತ್ತಿ ಕೂಡಿಸುತ್ತದೆ. ವಿದ್ಯುತ್ ಮಗ್ಗದಲ್ಲಿಯೂ ಕೆಲಸ ಇದೇ, ಕಾಲಿನ ಬದಲು ಮೋಟಾರು ತುಳಿಯುತ್ತದೆ. “ಹಾಸು ಹಿರೇರು ಹಾಕಿದ್ದು, ಹೊಕ್ಕು ನಾವು ಹೊಡೆಯೂದು. ಎರಡೂ ಕೂಡಿದ್ರ ಅರಿವಿ ಆಕ್ಕೈತಿ ಯವ್ವಾ” ಎಂದು ಹಿರಿಯರು ನಕ್ಕರು. ಮುದನೂರಿನ ಜೇಡರ ದಾಸಿಮಯ್ಯನವರೂ ಅವರ ಪುಣ್ಯಸತಿ ದುಗ್ಗಳೆಯವರೂ ಹೀಗೆಯೇ ನೇಯ್ದು ದಾಸೋಹ ನಡೆಸಿದವರೆಂದು ನಾವು ಮಗುವಿಗೆ ನೆನಪಿಸಿದೆವು.

ಈ ಊರು ತನ್ನನ್ನು ಹಲವು ಸಲ ಹೊಸದಾಗಿ ಕಟ್ಟಿಕೊಂಡಿದೆ. ಕೈಮಗ್ಗದ ಸೀರೆಗಳಿಂದ ಹೆಸರಾಗಿದ್ದ ಓಣಿಗಳಿಗೆ ವಿದ್ಯುತ್ ಮಗ್ಗಗಳು ಬಂದವು. ಕೈಮಗ್ಗವನ್ನು ಉಳಿಸಲೆಂದು 1985ರಲ್ಲಿ ಕೇಂದ್ರ ಸರ್ಕಾರವು ಕೆಲವು ಬಗೆಯ ಬಟ್ಟೆಗಳನ್ನು ಅದಕ್ಕೇ ಮೀಸಲಿಡುವ ಕಾಯಿದೆಯನ್ನು ಮಾಡಿತು. ಮೊದಲು 22 ಬಗೆಗಳಿದ್ದ ಆ ಪಟ್ಟಿ ಮುಂದೆ 11ಕ್ಕೆ ಇಳಿಯಿತು. 1975ರಲ್ಲಿ ಆರಂಭವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆಯನ್ನು ಕೈಮಗ್ಗಗಳಲ್ಲಿ ನೇಯಿಸಿ ಅನೇಕ ಕುಟುಂಬಗಳಿಗೆ ಕೆಲಸ ಕೊಟ್ಟಿತು. ವಿದ್ಯುತ್ ಮಗ್ಗದ ಸಣ್ಣ ನೇಕಾರರಿಗೆ 10 ಅಶ್ವಶಕ್ತಿಯವರೆಗೆ ಉಚಿತ ವಿದ್ಯುತ್ತನ್ನು ರಾಜ್ಯ ಸರ್ಕಾರವು 2023ರಲ್ಲಿ ಘೋಷಿಸಿತು. ಇಷ್ಟಾದರೂ ನೂಲಿನ ಬೆಲೆ ಏರಿದಾಗ ಸೀರೆಯ ಬೆಲೆ ಏರುವುದಿಲ್ಲ ಎಂಬ ಹಳೆಯ ಲೆಕ್ಕ ಮಾತ್ರ ಬದಲಾಗಿಲ್ಲ.

ಇಳಿಹೊತ್ತಿನಲ್ಲಿ ಸಮೀಪದ ಹಿಪ್ಪರಗಿ ಬ್ಯಾರೇಜನ್ನೂ ತೇರದಾಳವನ್ನೂ ನೋಡಿ ಬಂದೆವು. ತೇರದಾಳದಲ್ಲಿ ಅಲ್ಲಮಪ್ರಭುವಿನ ದೇವಸ್ಥಾನವಿದೆ. ಅದೇ ಊರಿನ ನೇಮಿನಾಥ ಬಸದಿಯನ್ನು ಗೊಂಕನೆಂಬ ಮಾಂಡಲಿಕನು ಕಟ್ಟಿಸಿದ ಸಂಗತಿಯನ್ನು ಕ್ರಿ.ಶ. 1123ರ ಶಾಸನವು ಹೇಳುತ್ತದೆ. ಶರಣರ ಗುಡಿಯೂ ಜಿನರ ಬಸದಿಯೂ ಒಂದೇ ಊರಿನಲ್ಲಿ ನೆರೆಹೊರೆಯಾಗಿ ಬಾಳುತ್ತಿರುವುದು ನೋಡತಕ್ಕ ಸಂಗತಿ.

ರಾತ್ರಿ ಊಟಕ್ಕೆ ಕುಳಿತೆವು. ಬಿಸಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಝುಣಕ, ಗುರೆಳ್ಳಿನ ಹಿಂಡಿ, ಬೆಣ್ಣೆ, ಕೊನೆಗೆ ಬಿಸಿ ಹಾಲಿನೊಡನೆ ಮಾದಲಿ. ಅಂತಹ ಊಟವನ್ನು ಯಾವ ಖಾನಾವಳಿಯೂ ಕೊಡಲಾರದು. ಆದರೆ ಆ ಊಟದ ನಡುವೆಯೇ ನಮ್ಮ ಗಂಟಲಿಗೆ ತುತ್ತು ಸಿಕ್ಕಿಕೊಂಡ ಪ್ರಸಂಗವೂ ನಡೆಯಿತು.

ಹಿರಿಯರ ಮಗನಿಗೆ ಮೂಲೆಯ ಕುಣಿಯನ್ನು ಮುಚ್ಚಿ, ಕಾಂಕ್ರೀಟು ಹಾಕಿಸಿ, ಇನ್ನೆರಡು ವಿದ್ಯುತ್ ಮಗ್ಗಗಳನ್ನು ಕೂರಿಸುವ ಯೋಚನೆ. ಹಿರಿಯರಿಗೆ ಅದು ಒಪ್ಪಿಗೆಯಿಲ್ಲ. “ಕುಣಿ ಮುಚ್ಚೂದು ಒಂದು ದಿನದ ಕೆಲಸ. ಮತ್ತ ತೆಗಿಯೂದು ಯಾರಿಂದ ಆಕ್ಕೈತಿ?” ಎಂದು ಅವರ ಪ್ರಶ್ನೆ. ನಾವು ದೊಡ್ಡಸ್ತಿಕೆಯಿಂದ ನಡುವೆ ಬಾಯಿ ಹಾಕಿ, ಪರಂಪರೆ, ಕಾಯಕ, ಹಿರಿಯರ ಮನಸ್ಸು ಎಂದೆಲ್ಲ ನಾಲ್ಕು ಮಾತನಾಡಿದೆವು. ಮಗ ಸಮಾಧಾನದಿಂದಲೇ ಕೇಳಿಸಿಕೊಂಡನು. ಆಮೇಲೆ ತಲೆ ಎತ್ತದೆ ಹೇಳಿದನು: “ಮಾಮಾರ, ಸಿಟ್ಟಾಗಬ್ಯಾಡ್ರಿ. ನೋಡಾಕ ಎಲ್ಲಾರೂ ಬರ್ತಾರ, ಫೋಟೋ ತಕ್ಕೋತಾರ, ಕೈಮಗ್ಗ ಉಳೀಬೇಕು ಅಂತಾರ. ಸೀರಿ ಮಾತ್ರ ಪ್ಯಾಟ್ಯಾಗಿನ ದೊಡ್ಡ ಅಂಗಡ್ಯಾಗ ತಗೋತಾರ. ನಿಮ್ಮ ಮನಿ ಮದವಿಗೆ ನಮ್ಮ ಮಗ್ಗದ್ದು ಒಂದು ಟಾವೆಲ್ಲರ ಹೋಗಿತ್ತೇನ್ರಿ?”

ಹೋಗಿರಲಿಲ್ಲ. ನಮ್ಮ ಮನೆಯವರ ಕಡೆ ನೋಡಿದೆವು, ಅವರು ತಟ್ಟೆಯ ಕಡೆ ನೋಡುತ್ತಿದ್ದರು. ಆ ಟ್ರಂಕು ನೆನಪಾಯಿತು. ಅದರೊಳಗಿನ ಒಂದೂ ಸೀರೆ ಈ ಮನೆಯದಾಗಿರಲಿಲ್ಲ, ಈ ಊರಿನದೂ ಆಗಿರಲಿಲ್ಲ. ಮಗನ ತಪ್ಪೇನಿದೆ? ಮಗಳ ಕಾಲೇಜಿನ ಶುಲ್ಕ ಕಟ್ಟಬೇಕು, ನೂಲಿನ ಸಾಲ ತೀರಿಸಬೇಕು. ಉಡುವವರಿಲ್ಲದ ಬಟ್ಟೆಯನ್ನು ಪರಂಪರೆಯ ಹೆಸರಿನಲ್ಲಿ ನೇಯಿರೆಂದು ಉಪದೇಶಿಸುವುದು ಸುಲಭ. ಕೊಳ್ಳದವನ ಉಪದೇಶ ನೇಕಾರನ ಒಲೆಯನ್ನು ಹೊತ್ತಿಸಲಾರದು.

ಅಂದು ರಾತ್ರಿ ನಮಗೆ ನಿದ್ರೆ ಸರಿಯಾಗಿ ಬರಲಿಲ್ಲ. ಮಗ್ಗದ ಸದ್ದು ಅದಕ್ಕೆ ಕಾರಣವಲ್ಲ.

ಮುಂಜಾನೆ ಚಹಾ ಕುಡಿಯುವಾಗ ನಮ್ಮ ಮನೆಯವರೇ ಮಾತು ತೆಗೆದರು. ಮುಂದಿನ ವರ್ಷ ನಮ್ಮ ಮನೆಯಲ್ಲಿ ಮೊಮ್ಮಗನ ಲಿಂಗದೀಕ್ಷೆಯಾಗಬೇಕಿದೆ. ಬರುವ ಹೆಣ್ಣುಮಕ್ಕಳಿಗೆಲ್ಲ ಕುಣಿಮಗ್ಗದ ಹತ್ತಿ ಸೀರೆ, ಗಂಡಸರಿಗೆ ಒಂದೊಂದು ಟವೆಲ್ಲು, ಮತ್ತೇನೂ ಬೇಡ. ಬೆಲೆಯನ್ನು ಅವರೇ ಹೇಳಲಿ, ಅರ್ಧ ಹಣ ಇಂದೇ ಮುಂಗಡ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಹಾಸಿಗೆ ಆಗುವಷ್ಟು ಕೆಲಸವಿದೆಯೆಂದು ಒಪ್ಪಿಕೊಂಡನು. ನೇಯುವವರು ಯಾರು? ಹಿರಿಯರಿಗೆ ಈಗ ಮೊಣಕಾಲು ನೋವು. ಓಣಿಯಲ್ಲಿ ಕುಣಿಮಗ್ಗ ಬಲ್ಲ ತಾಯಿಯೊಬ್ಬರು ಕೆಲಸವಿಲ್ಲದೆ ಕುಳಿತಿದ್ದಾರೆ, ಅವರಿಗೆ ಹೇಳಿ ಕಳಿಸಿದರು. ಹಿರಿಯರು ಏನೂ ಮಾತನಾಡಲಿಲ್ಲ. ಎದ್ದು ಹೋಗಿ ಮಗ್ಗದ ಧೂಳು ಝಾಡಿಸತೊಡಗಿದರು. ಮೊಮ್ಮಗಳು ಓಡಿಹೋಗಿ ಅವರ ಕೈಗೆ ಬಟ್ಟೆ ಕೊಟ್ಟಳು.

ಮೂರನೆಯ ದಿನ ಮಹಾಲಿಂಗಪುರದಲ್ಲಿ ಮಹಾಲಿಂಗೇಶ್ವರನ ದರ್ಶನ ಪಡೆದು ಬೆಲ್ಲದ ಪೇಟೆಯನ್ನು ನೋಡಿದೆವು. ಈ ಊರಿನ ಬೆಲ್ಲದ ಮಾರುಕಟ್ಟೆ ಬಹಳ ಪ್ರಸಿದ್ಧ. ಸುತ್ತಲಿನ ಹೊಲಗಳಲ್ಲಿ ಕಬ್ಬಿನ ಗಾಣಗಳಿವೆ. ಕೇಳಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ರಸ, ತಟ್ಟೆಯಲ್ಲಿ ಕೊಟ್ಟ ಬಿಸಿ ಬೆಲ್ಲ, ಒಂದು ಲೋಟ ಕಬ್ಬಿನ ಹಾಲು, ಜೊತೆಗೆ ಹೊಲದಲ್ಲಿ ಸುಟ್ಟ ಎಳೆ ಜೋಳದ ಸೀತನಿ. ಚಳಿಗಾಲದಲ್ಲಿ ಬಂದವರಿಗಷ್ಟೇ ಈ ಭಾಗ್ಯ. ಹತ್ತಿರದ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಈಗ ಸಕ್ಕರೆಯ ಜೊತೆಗೆ ಎಥೆನಾಲ್ ಹಾಗೂ ವಿದ್ಯುತ್ತೂ ತಯಾರಾಗುತ್ತವೆ. ಕಬ್ಬಿನ ಸಿಪ್ಪೆಯಿಂದ ದೀಪ ಉರಿಯುವುದನ್ನು ಕೇಳಿ ಮೊಮ್ಮಗಳಿಗೆ ಪರಮಾಶ್ಚರ್ಯ. ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಉದ್ದವಾಗಿರುವುದರಿಂದ ವಾಹನ ನಡೆಸುವವರು ಎಚ್ಚರಿಕೆಯಿಂದಿರಬೇಕು.

ಘಟಪ್ರಭೆಯ ದಡದ ಮುಧೋಳ ರನ್ನನ ಊರು. ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ ಚಾಲುಕ್ಯ ಚಕ್ರವರ್ತಿಗಳ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದನು, ‘ಗದಾಯುದ್ಧ’ವನ್ನು ಬರೆದನು. ಬಳೆಯ ಮಲಾರ ಹೊತ್ತ ಮನೆಯಿಂದ ಇಂತಹ ಕಾವ್ಯ ಹೊರಟಿತೆಂಬುದು ದುಡಿಯುವ ಮನೆಗಳ ಮಕ್ಕಳಿಗೆ ಧೈರ್ಯ ತುಂಬುವ ಮಾತು.

ಮುಧೋಳದ ಇನ್ನೊಂದು ಹೆಸರುವಾಸಿ ನಾಯಿ. ತೆಳ್ಳನೆಯ ಮೈ, ಉದ್ದ ಕಾಲುಗಳ ಈ ಬೇಟೆನಾಯಿಯ ತಳಿಯನ್ನು ಘೋರ್ಪಡೆ ಸಂಸ್ಥಾನಿಕರು ಪೋಷಿಸಿದರು. ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇದರ ಮರಿಗಳನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆಯು ಇದರ ಅಂಚೆಚೀಟಿಯನ್ನು ಹೊರತಂದಿತು, 2016ರಲ್ಲಿ ಇದು ಭಾರತೀಯ ಸೇನೆಯನ್ನು ಸೇರಿತು. ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. ಮಕ್ಕಳಿರುವ ಮನೆಯವರು ಮೊದಲೇ ಅನುಮತಿ ಕೇಳಿಕೊಂಡು ಹೋಗುವುದು ಒಳ್ಳೆಯದು. ಅರಸರ ಬೇಟೆ ಮುಗಿದ ಮೇಲೆ ಅಳಿದುಹೋಗಬಹುದಾಗಿದ್ದ ತಳಿಯೊಂದು ಹೊಸ ಕೆಲಸ ಸಿಕ್ಕಿದ್ದರಿಂದ ಉಳಿಯಿತು. ಕುಣಿಮಗ್ಗವೂ ಹಾಗೆಯೇ ಉಳಿಯಬೇಕೆಂದು ಅಲ್ಲಿ ನಿಂತಾಗ ನಮಗೆ ಅನಿಸಿತು. ಕನಿಕರದಿಂದ ಯಾವುದೂ ಬಹಳ ದಿನ ಬದುಕುವುದಿಲ್ಲ, ಕೆಲಸವಿದ್ದರೆ ಬದುಕುತ್ತದೆ.

ಹಿಂದಿರುಗುವ ದಾರಿಯಲ್ಲಿ ಲೋಕಾಪುರ ಬರುತ್ತದೆ. ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ ಬಯಲಾಟವನ್ನು ಬೆಳೆಸಿದ ಊರುಗಳಲ್ಲಿ ಇದೂ ಒಂದು. ಜಾತ್ರೆಯ ಕಾಲದಲ್ಲಿ ಹೋದವರು ಬೆಳಗಿನವರೆಗೂ ಕುಳಿತು ನೋಡಬಹುದು.

ಹೋಗುವವರಿಗೆ ಎರಡು ಸೂಚನೆಗಳು. ಮಾಘದ ಹೊತ್ತು ಹಿತಕರ, ಬೇಸಿಗೆಯ ಬಿಸಿಲು ಕಠಿಣ. ಕೃಷ್ಣೆ, ಘಟಪ್ರಭೆಗಳಿಗೆ ಪ್ರವಾಹ ಬಂದಾಗ ರಸ್ತೆಗಳು ಮುಚ್ಚುತ್ತವೆ, 2019ರ ಆಗಸ್ಟಿನ ಪ್ರವಾಹವನ್ನು ಈ ಜನ ಮರೆತಿಲ್ಲ. ನೇಕಾರರ ಮನೆಗೆ ಹೋಗುವಾಗ ಮೊದಲು ಕೇಳಿ ಒಳಗೆ ಹೋಗಿರಿ, ಓಡುವ ಮಗ್ಗದ ಹತ್ತಿರ ಮಕ್ಕಳನ್ನು ಬಿಡಬೇಡಿರಿ. ಕೈಮಗ್ಗದ್ದೆಂದು ಹೇಳಿ ಮಾರುವ ಬಟ್ಟೆಗೆ ಸರ್ಕಾರದ ಕೈಮಗ್ಗ ಮುದ್ರೆ ಇದೆಯೇ ಎಂದು ನೋಡಿರಿ. ಮನೆಯಲ್ಲೇ ಕೊಳ್ಳುವಾಗ ಐವತ್ತು ರೂಪಾಯಿಗಾಗಿ ಜಗ್ಗಾಡಬೇಡಿರಿ. ಆ ಐವತ್ತು ರೂಪಾಯಿ ಬರುವುದು ನೂಲಿನವನ ಗಲ್ಲೆಯಿಂದಲ್ಲ, ನೇಕಾರನ ಕೂಲಿಯಿಂದ.

ಓದುಗ ಬಂಧುಗಳೇ, ನಮ್ಮ ಮನೆಗಳಲ್ಲಿ ಮದುವೆ, ಅಯ್ಯಾಚಾರ, ಮನೆಶಾಂತಿಗಳು ನಡೆಯುತ್ತಲೇ ಇರುತ್ತವೆ. ಆಯಾರ ಕೊಡುವುದನ್ನು ಬಿಡಿರೆಂದು ನಾವು ಹೇಳುವುದಿಲ್ಲ, ಕೊಡು-ಕೊಳ್ಳುವುದರಲ್ಲಿ ಪ್ರೀತಿಯಿದೆ. ಉಡುವಂತಹದನ್ನು ಕೊಡೋಣ. ಹತ್ತು ಸೀರೆಗಳ ಬದಲು ಒಂದನ್ನೇ ಕೊಡೋಣ, ಅದು ನಮ್ಮವರ ಮಗ್ಗದಿಂದ ಬಂದದ್ದಾಗಿರಲಿ.

ಮೊನ್ನೆ ಹಿರಿಯರ ಮಗ ದೂರವಾಣಿ ಮಾಡಿದ್ದನು. ಕುಣಿಮಗ್ಗಕ್ಕೆ ಹಾಸು ಏರಿದೆಯಂತೆ, ಮೊದಲ ಎರಡು ಸೀರೆಗಳು ಇಳಿದಿವೆಯಂತೆ. ಮುಂದಿನ ವರ್ಷ ಏನು ಮಾಡುವನೆಂಬುದನ್ನು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಸದ್ಯಕ್ಕೆ ಕುಣಿ ಮುಚ್ಚಿಲ್ಲ. ಮುಂದಿನ ಹಾಸಿಗೆ ಬೇಡಿಕೆ ಬರುವುದೋ ಇಲ್ಲವೋ ಎಂಬುದು ನಿಮ್ಮ, ನಮ್ಮ ಮನೆಯ ಟ್ರಂಕುಗಳಿಗೆ ಬಿಟ್ಟ ಸಂಗತಿ.